ಒಂದು ತುಂಬಾ ಬೇಕು

ಟ್ಯೂಬಾ ಕೊಳ್ಳುವ ಸಭೆಯಲ್ಲಿ ಎರಡು ಸುತ್ತು ಚಹಾ, ಒಂದು ಸುತ್ತು ಗೋಳಿಬಜೆ ಮುಗಿದಿದ್ದವು. ಟ್ಯೂಬಾ ಅಂದರೆ ಏನು ಅಂತ ಮಾತ್ರ ಇನ್ನೂ ಯಾರೂ ಕೇಳಿರಲಿಲ್ಲ. ಕೇಳಿದರೆ ಗೊತ್ತಿಲ್ಲ ಅಂತಾಗುತ್ತದೆ. ಗೊತ್ತಿಲ್ಲ ಅಂತಾದರೆ ಬಳಗದ ಮುಂದಿನ ಚುನಾವಣೆಗೆ ಯಾವ ಮುಖ ಹೊತ್ತು ನಿಲ್ಲುವುದು?

ಬಳಗವೆಂದರೆ ಕೊಲ್ಲಿಯಾಚೆ ಕನ್ನಡ ಬಳಗ, ಮುಂಬೈಯ ಖಾಡಿ ದಾಟಿದ ಊರುಗಳಲ್ಲಿ ನೆಲೆಸಿದ ಕನ್ನಡಿಗರದು. ಸಭೆ ನಡೆಯುತ್ತಿದ್ದದ್ದು ಡೊಂಬಿವಲಿ ಎಂಐಡಿಸಿಯಲ್ಲಿ, ಅಧ್ಯಕ್ಷ ದೇಜಪ್ಪನವರ ಹೋಟೆಲಿನ ಮೇಲಿನ ಎಸಿ ಫ್ಯಾಮಿಲಿ ರೂಮಿನಲ್ಲಿ. ಮೂಲೆಯ ಕುರ್ಚಿಯಲ್ಲಿ ಪ್ರಾಜಕ್ತಾ ಕೂತಿದ್ದಳು. ಆ ಕೋಣೆಯಲ್ಲಿ ಟ್ಯೂಬಾ ಊದಲು ಬರುತ್ತಿದ್ದದ್ದು ಅವಳೊಬ್ಬಳಿಗೇ. ಹಾಗಾಗಿ ಅವಳೊಬ್ಬಳನ್ನು ಬಿಟ್ಟು ಉಳಿದ ಎಲ್ಲರ ಅಭಿಪ್ರಾಯವನ್ನೂ ಕೇಳಲಾಗುತ್ತಿತ್ತು.

ಕಾಲೇಜಿನ ಬ್ಯಾಂಡಿನಲ್ಲಿ ಅವಳು ಟ್ಯೂಬಾ ಊದಿದವಳು. ಎಲ್ಲರೂ ಕಹಳೆ, ಕೊಳಲು ಅಂತ ಮೇಲೆ ಮೇಲೆ ಹಾರುವಾಗ ಕೆಳಗೆ ನಿಂತು ಇಡೀ ಹಾಡನ್ನು ಬೆನ್ನ ಮೇಲೆ ಹೊರುವ ವಾದ್ಯ ಅದು. ಅದರ ಮಂದ್ರಸ್ವರ ಕಿವಿಗೆ ಕೇಳುವ ಮೊದಲೇ ಚಪ್ಪಲಿಯಡಿಯಿಂದ ಮೈಗೆ ಹತ್ತುತ್ತದೆ. ಈ ವರ್ಷ ಕಾಲೇಜಿನವರು ಬ್ಯಾಂಡಿನ ಕೋಣೆಯನ್ನು ಸ್ಟಾರ್ಟಪ್ ಸೆಂಟರ್ ಮಾಡಿ, ವಾದ್ಯಗಳನ್ನೆಲ್ಲ ಅಟ್ಟಕ್ಕೆ ತುರುಕಿ ಬೀಗ ಹಾಕಿದ್ದರು. ಇನ್ನು ಅವಳಿಗೆ ಉಳಿದಿದ್ದದ್ದು ಬಳಗದ ಹೊಸ ಯುವ ಬ್ಯಾಂಡ್ ಒಂದೇ. ಈ ಟ್ಯೂಬಾ ತಪ್ಪಿದರೆ ಮುಂದೆ ಅವಳು ಊದುವುದಕ್ಕೆ ಬಲೂನೇ ಗತಿ.

ತಪ್ಪುವುದಕ್ಕೆ ದಾರಿಯೂ ಸಿದ್ಧವಾಗಿತ್ತು. ಮೊದಲ ಸಭೆಯಲ್ಲೇ ದೇಜಪ್ಪನವರು ಕಾನೂನು ಮಾಡಿದ್ದರು: "ಬಾಜಾ ಯಾರ ಹೆಗಲಿಗೆ ಸರಿ ಕೂತ್ಕೊಳ್ತದೋ ಅವ್ರೇ ಊದುದು. ಇದ್ರಲ್ಲಿ ನಂದು-ನಿಂದು ಅಂತ ಎಂತದೂ ಇಲ್ಲ." ಇದನ್ನು ಹೇಳುವಾಗ ಅವರ ಕಣ್ಣು ತಂಗಿಯ ಮಗ ಲತೇಶನ ಹೆಗಲ ಮೇಲಿತ್ತು. ಲತೇಶನ ಹೆಗಲೋ, ಜಿಮ್ಮಿನವರು ಬೋರ್ಡಿನ ಮೇಲೆ ಹಾಕಿಕೊಂಡಂಥದ್ದು. ಊದಲು ಬರುತ್ತದೆಯೇ ಅನ್ನುವುದು ಕಾನೂನಿನಲ್ಲಿರಲಿಲ್ಲ.

"ಎಂಕ್ ಬೊಡ್ಚಿ ಮಾಮ," ಅಂದಿದ್ದ ಲತೇಶ. ತನಗೆ ಬೇಡ ಅಂತ. ಅವನಿಗೆ ಇಷ್ಟವಿದ್ದದ್ದು ಢೋಲು.

"ಮನಿಪಂದೆ ಕುಲ್ಲು," ಅಂತ ಮಾವ ಅವನ ಬಾಯಿ ಮುಚ್ಚಿಸಿ ಕೂರಿಸಿದ್ದರು.

ಈ ಕಾರಣಕ್ಕೇ ಪ್ರಾಜಕ್ತಾ ಹಿಂದಿನ ಭಾನುವಾರ ಲತೇಶನನ್ನು ಲೋಕಲಿಗೆ ಹತ್ತಿಸಿಕೊಂಡು ಕಲ್ಯಾಣಕ್ಕೆ ಹೋಗಿ ಬಂದಿದ್ದಳು. ಮದುವೆ ಬ್ಯಾಂಡಿನವರಿಗೆ ವಾದ್ಯ ಮಾರುವ, ಬಾಡಿಗೆಗೂ ಕೊಡುವ ಅಂಗಡಿ ಅಲ್ಲಿತ್ತು. ಅಂಗಡಿಯ ಚಾಚಾ ಮೊಬೈಲಿನಲ್ಲಿ ರೀಲು ನೋಡುತ್ತಲೇ "ದೇಖ್ ಲೋ" ಅಂತ ಮೂಲೆಗೆ ಕೈ ತೋರಿಸಿದ.

ಮೊದಲನೆಯದು ಸೂಸಾಫೋನ್. ಮೈಗೆ ಹೆಬ್ಬಾವಿನ ಹಾಗೆ ಸುತ್ತಿಕೊಂಡು, ತಲೆಯ ಮೇಲೆ ಜಿಲೇಬಿ ಕರಿಯುವ ಬಾಣಲೆಯಷ್ಟು ದೊಡ್ಡ ಬಾಯಿ ತೆರೆಯುವಂಥದ್ದು. ಪ್ರಾಜಕ್ತಾ ತಲೆ ತೂರಿಸಿದಳು. ಅದರ ಬಳೆಯಂಥ ಸುತ್ತು ಹೆಗಲು ದಾಟಿ ಮೊಣಕೈಗೆ ಜಾರಿತು, ಊದುವ ಮೂತಿ ಹಣೆಗೆ ಬಂದು ನಿಂತಿತು.

"ವಾಶಿಂಗ್ ಮಶೀನ್ ಒಳಗೆ ಬಿದ್ದ ಸಾಕ್ಸ್ ಹಾಗೆ ಕಾಣ್ತಿ ನೀನು," ಅಂದ ಲತೇಶ. ಫೋಟೋನೂ ಹೊಡೆದ, ಹಾಳಾದವನು.

ಎರಡನೆಯದು ಸಂಗೀತ ಕಚೇರಿಯ ಟ್ಯೂಬಾ. ಕೂಸಿನ ಹಾಗೆ ಮಡಿಲಲ್ಲಿ ಕೂರುತ್ತಿತ್ತು, ಎದ್ದರೆ ಮುಗಿಯಿತು. ಅದನ್ನು ಮೈದಾನದಲ್ಲಿ ನುಡಿಸಬೇಕೆಂದರೆ ನುಡಿಸುವವಳನ್ನು ಕುರ್ಚಿ ಸಮೇತ ನಾಲ್ಕು ಜನ ಹೊರಬೇಕು.

ಮೂರನೆಯದನ್ನು ನೋಡಿದ ಕೂಡಲೇ ಪ್ರಾಜಕ್ತಾ ಎರಡನೆಯದನ್ನು ಲತೇಶನ ಕೈಗೆ ತಳ್ಳಿದಳು. ಅದಕ್ಕೆ ಎರಡು ಊದುಗೊಳವೆ. ಒಂದನ್ನು ಸಿಕ್ಕಿಸಿದರೆ ಬಾಜಾ ಹೆಗಲೇರುತ್ತದೆ, ಬಾಯಿ ಮುಂದಕ್ಕೆ, ಕವಾಯತಿಗೆ. ಅದನ್ನು ಬಿಚ್ಚಿ ಇನ್ನೊಂದನ್ನು ಸಿಕ್ಕಿಸಿದರೆ ಮಡಿಲಿಗಿಳಿಯುತ್ತದೆ, ಬಾಯಿ ಮೇಲಕ್ಕೆ, ರಂಗಮಂಚಕ್ಕೆ. ಭಾರವಿತ್ತು, ಆದರೆ ಹೆಗಲಿಗೆ ಕೂತಿತು. ಅವಳು ಒಂದು ಸ್ವರ ಊದಿದಳು. ಅಂಗಡಿಯ ಶಟರ್ ನಡುಗಿತು. ಚಾಚಾ ಮೊದಲ ಸಲ ರೀಲು ನಿಲ್ಲಿಸಿ, "ಯೇ ಶಾದಿವಾಲೇ ಲೇತೇ ನಹೀ" ಅಂದ. ಮದುವೆಯವರಿಗೆ ಬೇಡವಾದದ್ದು ಅಂತ ಕೇಳಿ ಅದು ಅವಳಿಗೆ ಇನ್ನಷ್ಟು ಹತ್ತಿರವಾಯಿತು.

ಇಷ್ಟನ್ನೂ ಈಗ ಸಭೆಯಲ್ಲಿ ಹೇಳಬೇಕಿತ್ತು. ಅವಳು ಎದ್ದಳು.

"ಅಂಕಲ್, ಆಕ್ಚುವಲಿ ನಾ ಟ್ರೈ ಮಾಡಿ ಬಂದೀನಿ. ಅಲ್ಲಿ ಒಂದ್ ಪೀಸ್ ಐತಿ ನಾ, ಫೀಲ್ಡಿಗೂ ಚಲ್ತಾ ಹೈ, ಸ್ಟೇಜಿಗೂ..."

"ಕನ್ನಡದಲ್ಲಿ ಮಾತಾಡಮ್ಮಾ, ದಯವಿಟ್ಟು," ಅಂದರು ಕಾರ್ಯದರ್ಶಿ, ಬೆಂಗಳೂರು ಕಡೆಯ ಸಂಕರ್ಷಣ. ಮಹಾಪೆಯ ಐಟಿ ಪಾರ್ಕಿನಲ್ಲಿ ದಿನವಿಡೀ ಇಂಗ್ಲಿಷಿನಲ್ಲಿ ಗಿರಾಕಿಗಳ ಕ್ಷಮೆ ಕೇಳುವುದು ಅವರ ಕೆಲಸ. ಸಂಜೆ ಅದರ ಸೇಡನ್ನು ಬಳಗದ ಹುಡುಗರ ಮೇಲೆ ತೀರಿಸಿಕೊಳ್ಳುತ್ತಿದ್ದರು. "ಮೊದಲು ಈ ಟ್ಯೂಬಾ ಅನ್ನೋ ಪದಾನೇ ನಮ್ಮದಲ್ಲ. ನಾನು ಯೋಚನೆ ಮಾಡಿದೀನಿ. ಮಹಾಮಂದ್ರಸುಷಿರಕಹಳೆ."

ಗೋಳಿಬಜೆ ತುಂಬಿದ್ದ ಬಾಯಿಗಳೆಲ್ಲ ಒಮ್ಮೆ ನಿಂತವು.

"ಆಯ್ತು ಮಾರಾಯ್ರೆ, ಹೆಸರು ನೀವು ಇಡಿ, ನಾಮಕರಣಕ್ಕೆ ನಾನು ಬರ್ತೇನೆ," ಅಂದರು ದೇಜಪ್ಪ. "ನಂಗೆ ಒಂದೇ ಹೇಳಿ. ಅದ್ರ ಬಾಯಿ ಎಷ್ಟು ದೊಡ್ಡದುಂಟು? ದಾನಿಗಳ ಹೆಸರು ಎಲ್ಲಾ ಹಿಡಿಬೇಕಲ್ಲ. ಸಣ್ಣ ಬಾಯಿಯದ್ದು ತಂದ್ರೆ ನನ್ನ ಹೆಸರು ಬರ್ದು ಆಗುವಾಗ್ಲೇ ಜಾಗ ಖಾಲಿ."

ಪ್ರಾಜಕ್ತಾಳ ಅಪ್ಪ ವಿಜಯಕುಮಾರ ರಬಾಳೆಯ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವವರು. ಮಗಳ ಪರವಾಗಿ ಮಾತಾಡಲೆಂದೇ ಗಂಟಲು ಸರಿ ಮಾಡಿಕೊಂಡರು. ಪ್ರಾಜಕ್ತಾಳಿಗೆ ಜೀವ ಬಂತು.

"ಅಲ್ರೀ, ಇದಕ್ಕ ಎಎಂಸಿ ಐತೇನು? ಸ್ಪೇರ್ ಪಾರ್ಟ್ ಎಲ್ಲಿ ಸಿಗ್ತಾವು? ನಾಳೆ ಲೀಕೇಜ್ ಬಂತಂದ್ರ ಯಾರ್ ನೋಡಾವ್ರು?"

ಪ್ರಾಜಕ್ತಾ ಕೂತುಬಿಟ್ಟಳು.

ತೀರ್ಮಾನವಾಯಿತು. ಎಷ್ಟು ದೊಡ್ಡದು ಸಿಗುತ್ತದೋ ಅಷ್ಟು ದೊಡ್ಡದು. ಕಲ್ಯಾಣದ ಅಂಗಡಿ ಬೇಡ, ಅವನ ಪರಿಚಯವಿಲ್ಲ. ಠಾಣೆಯಲ್ಲಿ ದೇಜಪ್ಪನವರ ಗುರುತಿನ ಮರಾಠಿ ಶೇಟ್ ಒಬ್ಬನಿದ್ದಾನೆ, ಭಜನಾ ಮಂಡಳಿಗೆ ಹಾರ್ಮೋನಿಯಂ, ತಂಬೂರಿ ಕೊಟ್ಟವನು. ವಾದ್ಯ ಅಂದರೆ ವಾದ್ಯ, ಅವನೇ ತರಿಸಿಕೊಡಲಿ. ಬಳಗದ ವ್ಯವಹಾರ ಕನ್ನಡದಲ್ಲೇ ಆಗಬೇಕು ಅನ್ನುವುದು ಸಂಕರ್ಷಣರ ನಿಯಮವಾದ್ದರಿಂದ ಆರ್ಡರನ್ನು ಕನ್ನಡದಲ್ಲೇ ಕಳಿಸುವುದು.

ಸಂಕರ್ಷಣರು ಫೋನು ಬಾಯಿಯ ಹತ್ತಿರ ಹಿಡಿದು ಹೇಳತೊಡಗಿದರು. ಅವರು ಹೇಳಿದ್ದನ್ನು ಫೋನು ಬರೆದುಕೊಳ್ಳುತ್ತಿತ್ತು. ಮಹಾಮಂದ್ರಸುಷಿರಕಹಳೆಯನ್ನು ಅದು ಮೂರು ಸಲವೂ 'ಮಹಾ ಮಂದಿ ಸುಸ್ತಿಗೆ ಹಾಳೆ' ಅಂತ ಬರೆದದ್ದರಿಂದ ಕೊನೆಗೆ ಟ್ಯೂಬಾ ಅಂತಲೇ ಹೇಳಬೇಕಾಯಿತು. ಆ ಇಂಗ್ಲಿಷ್ ಪದ ಬಾಯಿಂದ ಹೊರಡುವಾಗ ಅವರು ಮುಖವನ್ನು ಎಸಿಯ ಕಡೆ ತಿರುಗಿಸಿಕೊಂಡರು. ಪರದೆ ನೋಡಲಿಲ್ಲ. ಫೋನಾದರೋ ಅಪ್ಪಟ ಕನ್ನಡದ್ದು, ತನಗೆ ಗೊತ್ತಿದ್ದ ಪದವನ್ನೇ ಬರೆಯಿತು.

'ಒಂದು ತುಂಬಾ ಬೇಕು. ತುಂಬಾ ದೊಡ್ಡದಿರಲಿ.'

ಸಂದೇಶ ಠಾಣೆಗೂ ಹೋಯಿತು, ಬಳಗದ ವಾಟ್ಸಾಪ್ ಗುಂಪಿಗೂ ಬಿತ್ತು. ಎಲ್ಲರೂ ಹೆಬ್ಬೆರಳೆತ್ತಿದರು. ಪ್ರಾಜಕ್ತಾಳೂ ಎತ್ತಿದಳು. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಅಕ್ಷರ ಓದಲು ಬರುತ್ತಿರಲಿಲ್ಲ. ಆಮೇಲೆ ಅನುಮಾನ ಬಂದು ಮನೆಯಲ್ಲಿ ಅಪ್ಪನ ತಾಯಿ ಬಸವಣ್ಣೆವ್ವನ ಮುಂದೆ ಫೋನು ಹಿಡಿದಳು.

"ಆಯಿ, ಇದರಾಗ ಏನ್ ಬರ್ದಾರ? ಓದ್ ನಾ."

ಬಸವಣ್ಣೆವ್ವ ಕನ್ನಡಕ ಏರಿಸಿ, ಅಕ್ಷರ ಅಕ್ಷರ ಬಿಡಿಸಿ ಓದಿದಳು. "ಒಂದು ತುಂಬಾ ಬೇಕು. ಏನ್ ತುಂಬ ಬೇಕಂತ? ಚೀಲಾ ತುಂಬೋ, ಮನಿ ತುಂಬೋ? ಭಾಳ ಅನ್ನೂದಿದ್ರ ಭಾಳ ಅನ್ಬೇಕು. ಈ ಬೆಂಗಳೂರಾವ್ರ ಕನ್ನಡಾನ ಅರ್ಧಾಮರ್ಧಾ ನೋಡು."

"ಮುಂದ?"

"ದೊಡ್ಡದಿರಲಿ ಅಂತ ಅದ."

ಪ್ರಾಜಕ್ತಾಳ ಮುಖ ಇಳಿಯಿತು. ದೊಡ್ಡದು. ಅಂದರೆ ಹೆಬ್ಬಾವೇ. ಅಂದರೆ ಲತೇಶನೇ. "ಗೇಲಿ ಮೇರಿ ಟ್ಯೂಬಾ," ಅಂದಳು. ಟ್ಯೂಬಾ ಕೈಬಿಟ್ಟು ಹೋಯಿತು ಅಂತ.

"ಹೋದ್ರ ಹೋಗ್ಲಿ ಬಿಡು ತಂಗಿ. ಗಲ್ಲಾ ಉಬ್ಬಿಸ್ಕೊಂಡು ಊದಾಕಿನ್ನ ಯಾವ ಗಂಡು ಒಪ್ತಾನ?" ಅಂದಳು ಬಸವಣ್ಣೆವ್ವ. ಮೊಮ್ಮಗಳು ಊಟ ಬಿಟ್ಟು ಎದ್ದುಹೋದದ್ದನ್ನು ನೋಡಿ, "ಗಂಡು ಒಪ್ಪಲಿಲ್ಲಂದ್ರ ಅವನ ಮನಿ ಹಾಳಾಗ್ಲಿ, ಬಾ ಉಣ್ಣು," ಅಂತಲೂ ಕೂಗಿದಳು.

ಒಂದು ವಾರದ ಮೇಲೆ ಠಾಣೆಯಿಂದ ಟೆಂಪೋ ಬಂತು. ದೇಜಪ್ಪನವರು ಅನಾವರಣ ಸಮಾರಂಭವನ್ನೇ ಇಟ್ಟರು. ಫ್ಯಾಮಿಲಿ ರೂಮಿನ ಮೇಜಿನ ಮೇಲೆ ಕೆಂಪು-ಹಳದಿ ಬಟ್ಟೆ ಹೊದಿಸಿದ ಗುಂಡನೆಯ ವಸ್ತು. ಪಕ್ಕದಲ್ಲಿ ತೆಂಗಿನಕಾಯಿ, ಊದುಬತ್ತಿ, ಫೋಟೋದವನು. ಪ್ರಾಜಕ್ತಾ ಬಟ್ಟೆಯ ಆಕಾರ ನೋಡಿಯೇ ಹುಬ್ಬು ಗಂಟಿಕ್ಕಿದಳು. ಯಾವ ಟ್ಯೂಬಾನೂ ಇಷ್ಟು ಬಸುರಿಯಾಗಿರುವುದಿಲ್ಲ.

ದೇಜಪ್ಪನವರು ಬಟ್ಟೆ ಎಳೆದರು. ಚಪ್ಪಾಳೆ ಎದ್ದಿತು. ಎದ್ದ ಚಪ್ಪಾಳೆ ಎಲ್ಲಿ ಕೂರಬೇಕೆಂದು ತಿಳಿಯದೆ ಹಾಗೇ ತೂಗಾಡಿತು.

ಮೇಜಿನ ಮೇಲೆ ಒಂದು ಸೋರೆ ಬುರುಡೆ ಕೂತಿತ್ತು. ಒಣಗಿದ್ದು, ಒಳಗೆ ಟೊಳ್ಳು, ಎರಡು ತೋಳಿಗೂ ಸಿಗದಷ್ಟು ದಪ್ಪ.

"ಇದ್ರಲ್ಲಿ ಊದುದು ಎಲ್ಲಿಂದ?" ಅಂದರು ದೇಜಪ್ಪ, ಫೋಟೋಗೆಂದು ನಗುತ್ತಲೇ.

"ಹಳೇ ಮಾಡೆಲ್ ಇರ್ಬೇಕ್ರಿ. ವಾಲ್ವ್ ಕಾಣವಲ್ಲವು," ಅಂದರು ವಿಜಯಕುಮಾರ.

"ಇದು ಒಣಾ ಕುಂಬಳಕಾಯಿ ಅಲ್ಲೇನ್ರಿ? ಬಾಗಲದಾಗ ಒಡೀರಿ, ದೃಷ್ಟಿಯರೆ ಹೋಗ್ತದ," ಅಂದಳು ಬಸವಣ್ಣೆವ್ವ.

ದೇಜಪ್ಪನವರು ಠಾಣೆಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಶೇಟ್ ಖುಷಿಯಲ್ಲಿದ್ದ. "ಪೋಚಲಾ ಕಾ? ಬಾಜೂವಾಲೇ ಹೋಟೆಲ್ ಕೇ ವೇಟರ್ ಸೇ ಮೆಸೇಜ್ ಪಢವಾಯಾ. ತುಮ್ಹೀ ತುಂಬಾ ಬೋಲಾ, ಹಮ್‌ನೇ ತುಂಬಾ ಭೇಜಾ. ಸಬ್‌ಸೇ ಮೋಠಾ! ಖಾಸ್ ಮಿರಜ್ ಸೇ ಮಂಗಾಯಾ."

ಪಕ್ಕದ ಹೋಟೆಲಿನ ವೇಟರನಿಂದ ಸಂದೇಶ ಓದಿಸಿಕೊಂಡು, ಎಲ್ಲಕ್ಕಿಂತ ದೊಡ್ಡದನ್ನೇ ಮಿರಜದಿಂದ ತರಿಸಿದ್ದನಂತೆ. ಆಗ ಎಲ್ಲರಿಗೂ ಹೊಳೆಯಿತು. ಮರಾಠಿಯಲ್ಲಿ ತುಂಬಾ ಅಂದರೆ ತಂಬೂರಿಗೆ ಕಟ್ಟುವ ಬುರುಡೆ. ತಂಬೂರಿ ಮಾರುವವನಿಗೆ ತುಂಬಾ ದೊಡ್ಡದೊಂದು ತುಂಬಾ ಬೇಕೆಂದು ಬರೆದರೆ ಅವನು ಇನ್ನೇನು ಕಳಿಸಿಯಾನು?

ನಗು ಮೊದಲು ಒಡೆದದ್ದು ಲತೇಶನಿಂದ. ಪ್ರಾಜಕ್ತಾ ಕರ್ಚೀಫು ಬಾಯಿಗೆ ತುರುಕಿಕೊಂಡಳು. ಸಂಕರ್ಷಣರು ಮಾತ್ರ ಗಂಭೀರವಾಗಿ, "ಹಾಗೆ ನೋಡಿದರೆ ನಮ್ಮ ಸಂದೇಶದಲ್ಲಿ ವ್ಯಾಕರಣದೋಷ ಏನೂ ಇಲ್ಲ," ಅಂದರು.

ರಾಜ್ಯೋತ್ಸವ ನವೆಂಬರ್ ಒಂದಕ್ಕೆ. ಬಳಗದ ರಾಜ್ಯೋತ್ಸವ ಮಾತ್ರ ಸಭಾಗೃಹ ಸಿಕ್ಕ ದಿನಕ್ಕೆ, ಅಂದರೆ ತಿಂಗಳ ಕೊನೆಯ ಭಾನುವಾರಕ್ಕೆ. ಅದಕ್ಕೆ ಮೂರೇ ದಿನ ಉಳಿದಿತ್ತು. ಪ್ರಾಜಕ್ತಾ ಕರ್ಚೀಫು ತೆಗೆದು, "ಅಂಕಲ್, ಕಲ್ಯಾಣ?" ಅಂದಳು. ಈ ಸಲ ಯಾರೂ ಅವಳ ಭಾಷೆ ತಿದ್ದಲಿಲ್ಲ.

ಕಲ್ಯಾಣದ ಅಂಗಡಿಯ ಮೂಲೆ ಬರಿದಾಗಿತ್ತು. ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗಿದ್ದವು. ದೊಡ್ಡ ಬಾಯಿಯ ಹೆಬ್ಬಾವುಗಳೆಲ್ಲ ಕುದುರೆ ಏರಿದ ಮದುಮಕ್ಕಳ ಮುಂದೆ ಹೋಗಿದ್ದವು. ಶಾದಿಯವರಿಗೆ ಬೇಡವಾದ ಆ ಎರಡು ಕೊಳವೆಯದು ಮಾತ್ರ ಧೂಳು ತಿನ್ನುತ್ತ ಕೂತಿತ್ತು.

"ಇದು ಸಣ್ಣ ಆಯ್ತಲ್ಲ," ಅಂತ ದೇಜಪ್ಪನವರು ಅದರ ಬಾಯಿಗೆ ಗೇಣು ಹಾಕಿದರು.

ಪ್ರಾಜಕ್ತಾ ಬಾಜಾವನ್ನು ತನ್ನತ್ತ ಎಳೆದುಕೊಂಡಳು. ಈ ಹಿರಿಯರ ಜೊತೆ ಸ್ವರ, ಶ್ರುತಿ ಅಂತ ಮಾತಾಡಿ ಉಪಯೋಗವಿಲ್ಲ ಅನ್ನುವುದು ಅವಳಿಗೆ ಅಷ್ಟರಲ್ಲಿ ತಿಳಿದಿತ್ತು.

"ಅಂಕಲ್, ಆ ದೊಡ್ಡದರ ಮುಖ ತಲಿ ಮ್ಯಾಲೆ ಇರ್ತದ. ನಿಮ್ಮ ಹೆಸರು ಓದಾಕ ಪಬ್ಲಿಕ್ ಮಾನ್ ವರ್ ಮಾಡ್ಬೇಕು." ಅವಳು ಕತ್ತೆತ್ತಿ ತೋರಿಸಿದಳು. "ಇದು ನೋಡ್ರಿ, ಹೆಗಲ ಮ್ಯಾಲೆ ಇಟ್ರ ಸ್ಟ್ರೇಟ್ ಅವರ ಕಣ್ಣಿಗೇ. ಎಕ್ದಮ್ ಫೇಸ್ ಟು ಫೇಸ್."

ದೇಜಪ್ಪನವರ ಗೇಣು ಅಲ್ಲೇ ನಿಂತಿತು. ಇನ್ನೊಂದು ಕೊಳವೆಯನ್ನು ಪ್ರಾಜಕ್ತಾ ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡಳು. ಅದರ ಬಗ್ಗೆ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಕಾನೂನು ಕಾನೂನೇ ಅಂತ ಲತೇಶನ ಹೆಗಲಿಗೂ ಅದನ್ನು ಏರಿಸಿ ನೋಡಲಾಯಿತು. ಚೆನ್ನಾಗಿಯೇ ಕೂತಿತು. ಅವನು ಉಸಿರೆಳೆದು ಊದಿದ. ಬಂದ ಸದ್ದಿಗೆ ಹೊರಗೆ ರಿಕ್ಷಾದವನೊಬ್ಬ ಸೈಡ್ ಕೊಟ್ಟ.

"ನಂಗೆ ಹೆಗಲು ಮಾತ್ರ ಇರುದು ಮಾಮ, ಉಸಿರು ಇಲ್ಲ," ಅಂದ ಲತೇಶ. ಪ್ರಾಜಕ್ತಾಳತ್ತ ಒಂದು ಕಣ್ಣು ಮಿಟುಕಿಸಿದ.

"ಆಯ್ತು, ಇವಳೇ ಊದ್ಲಿ," ಅಂದರು ದೇಜಪ್ಪ. "ಆದ್ರೆ ಹೆಸರು ಕಾಣ್ಬೇಕು. ಕಾಣದಿದ್ರೆ ಆ ಕ್ಷಣಕ್ಕೆ ಬಾಜಾ ಇವನ ಹೆಗಲಿಗೆ. ಸದ್ದು ಹೇಗಾದ್ರೂ ಬರ್ಲಿ."

ರಿಕ್ಷಾಗಳಿಗೆ ರೇಡಿಯಂ ಸ್ಟಿಕ್ಕರ್ ಕತ್ತರಿಸುವವನಿಂದ ಬಾಯಿಯ ಒಳಸುತ್ತಿಗೆ ಹೆಸರುಗಳನ್ನು ಅಂಟಿಸಲಾಯಿತು. ದುಂಡಗಿನ ವಸ್ತುವಿಗೆ ಮೇಲು ಯಾವುದು, ಕೆಳಗು ಯಾವುದು ಅನ್ನುವ ಚರ್ಚೆ ಒಂದು ಇಡೀ ಸಂಜೆ ನಡೆಯಿತು. ಕೊನೆಗೆ ದೇಜಪ್ಪನವರ ಹೆಸರು ನೆತ್ತಿಗೆ, ಉಳಿದವರದು ಅಕ್ಕಪಕ್ಕಕ್ಕೆ ಬಂತು. ಅಡಿಯಲ್ಲಿ ಮಹಾಮಂದ್ರಸುಷಿರಕಹಳೆ ಅನ್ನುವುದು ಹಿಡಿಸದೆ 'ಮಹಾಮಂದ್ರಸು' ಅಂತಷ್ಟೇ ಉಳಿಯಿತು.

ಭಾನುವಾರ ಬೆಳಿಗ್ಗೆ ಡೊಂಬಿವಲಿಯ ಮೈದಾನದಲ್ಲಿ ಕವಾಯತು. ಬಾಜಾ ಹೆಗಲ ಮೇಲೆ, ಬಾಯಿ ಮುಂದಕ್ಕೆ. ಪ್ರಾಜಕ್ತಾ ಮೊದಲ ಸ್ವರ ಊದಿದಳು, ನೆಲದ ಒಳಗಿನಿಂದ ಅದು ಕಾಲಿಗೆ ಹತ್ತಿತು. ಬ್ಯಾಂಡಿನ ನಡುವೆ ನಿಂತು ಊದಿ ಎಷ್ಟು ತಿಂಗಳಾಗಿತ್ತು! ಮುಂದೆ ಏನಿದೆ ಅಂತ ಮಾತ್ರ ಅವಳಿಗೆ ಕಾಣುತ್ತಿರಲಿಲ್ಲ, ಯಾಕೆಂದರೆ ಮುಂದೆ ದೇಜಪ್ಪನವರಿದ್ದರು. ತಮ್ಮ ಹೆಸರಿನ ವಿಡಿಯೋ ಮಾಡುತ್ತ ಅವರು ಇಡೀ ಮೈದಾನವನ್ನು ಹಿಮ್ಮುಖವಾಗಿ ನಡೆದರು. ಗೋಲ್‌ಪೋಸ್ಟ್ ಬೆನ್ನಿಗೆ ಬಡಿದಾಗ ಅದಕ್ಕೂ "ಸಾರಿ" ಅಂದರು.

ಸಂಜೆ ಠಾಣೆಯ ಸಭಾಗೃಹ. ಮುಂದಿನ ಸಾಲಿನಲ್ಲಿ ಸೋಫಾ, ಸೋಫಾದ ತುಂಬ ಸಮಿತಿ. ಬಸವಣ್ಣೆವ್ವ ಹಿಂದೆಲ್ಲೋ ಕಂಬದ ಮರೆಯ ಕುರ್ಚಿಯಲ್ಲಿದ್ದಳು. ಪರದೆಯ ಹಿಂದೆ ಪ್ರಾಜಕ್ತಾ ಒಂದು ಕೊಳವೆ ಬಿಚ್ಚಿ ಇನ್ನೊಂದನ್ನು ಸಿಕ್ಕಿಸುತ್ತಿದ್ದಾಗಲೇ ದೇಜಪ್ಪನವರು ಬಂದುಬಿಟ್ಟರು.

"ಎಂತ ಮಾಡ್ತಿದ್ದಿ? ಬಾಯಿ ಯಾಕೆ ಮೇಲೆ ಹೋಯ್ತು?"

"ಸ್ಟೇಜಿಗೆ ಹಿಂಗೇ ಅಂಕಲ್. ಮುಂದಕ್ಕೆ ಇಟ್ರ ಬಾಕೀ ಮಂದೀ ಆವಾಜ್ ಎಲ್ಲಾ ಮುಚ್ಚಿ ಹೋಗ್ತದ. ಮ್ಯಾಲಕ್ಕಾದ್ರ ಇಡೀ ಹಾಲಿಗೆ ಕೂಡಿ ಬರ್ತದ."

"ಹೆಸರು? ಫ್ಯಾನಿಗೆ ಓದ್ಲಿಕ್ಕಾ? ಫ್ಯಾನ್ ಓಟು ಹಾಕ್ತದಾ? ಹೆಗಲಿಗೆ ಇಡು. ಇಲ್ಲಾಂದ್ರೆ ಲತೇಶನ್ನ ಕರೀತೇನೆ. ಲತೇಶಾ! ಓ ಲತೇಶಾ!"

ಲತೇಶ ಎಲ್ಲೂ ಇರಲಿಲ್ಲ. ಪ್ರಾಜಕ್ತಾ ಬಾಜಾವನ್ನು ಮಡಿಲಲ್ಲಿ ಅವುಚಿಕೊಂಡು ಕೂತಳು. ದೇಜಪ್ಪನವರ ಕೈ ಬಾಜಾದ ಮೇಲೆ ಬಿತ್ತು. ಅದೇ ಹೊತ್ತಿಗೆ ಅವರ ಜೇಬಿನ ಫೋನು ಕುಂಯ್ ಅಂದಿತು.

ಲತೇಶನ ಫೋಟೋ. ಬಾಲ್ಕನಿಯಿಂದ ತೆಗೆದದ್ದು, ಪರದೆಯ ಮೇಲಿನಿಂದ ಇಣುಕಿ. ರಂಗಮಂಚದ ದೀಪ ಟ್ಯೂಬಾದ ಬಾಯೊಳಗೆ ಬಿದ್ದು, ರೇಡಿಯಂ ಹೊತ್ತಿಕೊಂಡು, ದೇಜಪ್ಪನವರ ಹೆಸರು ಚಿನ್ನದ ಬಾವಿಯೊಳಗಿನ ಹುಣ್ಣಿಮೆಯ ಹಾಗೆ ಹೊಳೆಯುತ್ತಿತ್ತು. ಜೊತೆಗೆ ಒಂದು ಸಾಲು: 'ಮಾಮ, ಮೇಲಿಂದ ಸೂಪರ್. ಕೆಳಗೆ ವೇಸ್ಟ್.'

ದೇಜಪ್ಪನವರು ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಬೆರಳಿನಿಂದ ಹಿಗ್ಗಿಸಿದರು. ಬಾಜಾದ ಮೇಲಿದ್ದ ಕೈ ತೆಗೆದರು.

"ಅಲ್ಲಾಡಿಸ್ಬೇಡ ಮತ್ತೆ," ಅಂದರು. "ಹೀಗೇ ಇರ್ಲಿ."

ಪರದೆ ಸರಿಯುವಾಗ ದೇಜಪ್ಪನವರು ಬಾಲ್ಕನಿಯ ಮೆಟ್ಟಿಲು ಏರುತ್ತಿದ್ದರು. ಅಧ್ಯಕ್ಷರು ಮೇಲೆ ಹೋದದ್ದು ಯಾಕೆ, ಅಲ್ಲಿ ಏನಾದರೂ ಹಂಚುತ್ತಿದ್ದಾರೆಯೇ ಅಂತ ಸಂಕರ್ಷಣರು ಎದ್ದರು. ಅವರ ಹಿಂದೆ ಖಜಾಂಚಿ, ಖಜಾಂಚಿಯ ಹಿಂದೆ ದಾನಿಗಳು, ದಾನಿಗಳ ಹಿಂದೆ ವಿಜಯಕುಮಾರ. ತಮ್ಮ ತಮ್ಮ ಹೆಸರು ಹುಡುಕಿಕೊಂಡು ಎಲ್ಲರೂ ಮೇಲೆ ಹೋದರು. ಮೊದಲ ಹಾಡು ಮುಗಿಯುವಷ್ಟರಲ್ಲಿ ಗಣ್ಯರ ಸೋಫಾಗಳು ಖಾಲಿ, ಬಾಲ್ಕನಿಯ ಕಟಕಟೆಗೆ ಬಗ್ಗಿದ ತಲೆಗಳ ಸಾಲು.

ಎರಡನೆಯ ಹಾಡಿಗೆ ಪ್ರಾಜಕ್ತಾ ಕಣ್ಣೆತ್ತಿದರೆ ಮುಂದಿನ ಸೋಫಾದಲ್ಲಿ ಬಸವಣ್ಣೆವ್ವ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಪಕ್ಕದಲ್ಲಿ ಚಪ್ಪಲಿ, ಆ ಕಡೆ ಚೀಲ. ಪ್ರಾಜಕ್ತಾ ಅತ್ಯಂತ ಕೆಳಗಿನ ಸ್ವರಕ್ಕೆ ಇಳಿದು ಅಲ್ಲೇ ನಿಂತಳು, ಉಸಿರು ಮುಗಿಯುವ ತನಕ. ಮುದುಕಿ ಬೆಚ್ಚಿ ತನ್ನ ಪಾದ ನೋಡಿಕೊಂಡಳು. ಆಮೇಲೆ ಇಡೀ ಸಭಾಗೃಹಕ್ಕೆ ಕೇಳುವ ಹಾಗೆ ಕೂಗಿದಳು:

"ತಂಗೀ! ಕಾಲಾಗಿಂದ ಬಂತಲ್ಲೇ!"

ಸೋರೆ ಬುರುಡೆ ಈಗ ದೇಜಪ್ಪನವರ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ, ಮಾಲೆ ಹಾಕಿಸಿಕೊಂಡು. ಯಾರಾದರೂ ಏನಿದು ಅಂತ ಕೇಳಿದರೆ ಸಂಕರ್ಷಣರು ಮಹಾಮಂದ್ರಸುಷಿರಕಹಳೆ ಅಂತ ಅದರ ಕನ್ನಡ ಹೆಸರು ಹೇಳುತ್ತಾರೆ. ಮುಂದಿನ ವರ್ಷದ ಕಾರ್ಯಕ್ರಮಕ್ಕೆ ಬಾಲ್ಕನಿಯನ್ನು ಗಣ್ಯರಿಗೆ ಮೀಸಲಿಡಬೇಕೆಂದು ಸಮಿತಿ ಒಮ್ಮತದಿಂದ ನಿರ್ಣಯಿಸಿದೆ. ಪ್ರಾಜಕ್ತಾ ಅದಕ್ಕೆ ಹೆಬ್ಬೆರಳೆತ್ತಿದ್ದಾಳೆ. ಈ ಸಲ ಆಯಿಯ ಹತ್ತಿರ ಓದಿಸಿಕೊಂಡೇ.